ನಡುಗಡ್ಡೆಗೆ ಎಂಟು ಕೈ

ತಿಪ್ಪಯ್ಯನವರ ಎಡಗೈ ಕೆಳಗಿದ್ದುದನ್ನು ನಾನು ಕಂಡವಳಲ್ಲ. ನಾನು ಮದುವೆಯಾಗಿ ಈ ನಡುಗಡ್ಡೆಗೆ ಬರುವ ಮೊದಲೇ ಅವರು ಪರಿಷತ್ತಿನ ಸಭೆಯಲ್ಲಿ ಸೇತುವೆಗೆಂದು ಕೈ ಎತ್ತಿದ್ದರು. ಸೇತುವೆ ಆಗಲಿಲ್ಲ, ಕೈ ಇಳಿಯಲಿಲ್ಲ. ಅವರ ಜೊತೆ ಎತ್ತಿದವರೆಲ್ಲ ಕೈ ಮೇಲಿಟ್ಟುಕೊಂಡೇ ಒಬ್ಬೊಬ್ಬರಾಗಿ ತೀರಿಕೊಂಡರು. ಇವರೊಬ್ಬರು ಉಳಿದಿದ್ದಾರೆ, ಇವತ್ತಿಗೂ ಪರಿಷತ್ತಿನ ಸದಸ್ಯರು. ಅಂಗಿಯ ಎಡಭಾಗಕ್ಕೆ ಭುಜದಿಂದ ಸೊಂಟದವರೆಗೆ ಲಾಡಿ ಹೊಲಿಸಿಕೊಂಡು, ಲಾಂಚಿನಲ್ಲಿ ಯಾರಿಗೂ ಮೊಣಕೈ ತಾಗದಂತೆ ತುದಿಯಲ್ಲಿ ನಿಲ್ಲುತ್ತಾರೆ. ಮಳೆ ಬಂದರೆ ಆ ಕೈಗೇ ಕೊಡೆ ಸಿಕ್ಕಿಸಿಕೊಂಡು, "ಇದೊಂದು ಅನುಕೂಲ ನೋಡಮ್ಮ" ಎಂದು ನಗುತ್ತಾರೆ.

ನಮ್ಮಲ್ಲಿ ಹಾಗೆಯೇ. ಸಭೆಯಲ್ಲಿ ಒಂದು ಕೆಲಸಕ್ಕೆಂದು ಎತ್ತಿದ ಕೈ, ಠರಾವು ಬಿದ್ದುಹೋದರೆ ಅಲ್ಲೇ ಇಳಿಯುತ್ತದೆ. ಗೆದ್ದರೆ ಮಾತ್ರ ಕೆಲಸ ಆಗುವವರೆಗೆ ಇಳಿಯುವುದಿಲ್ಲ. ಆಸ್ಪತ್ರೆ, ಲಾಂಚು, ಬಸ್ಸು, ಪ್ರೌಢಶಾಲೆ, ಹಲ್ಲು, ಇಷ್ಟೂ ನಮ್ಮ ಪ್ರಾಂತದ ಪರಿಷತ್ತಿನ ಸುಪರ್ದಿಗೆ ಬರುತ್ತವೆ. ಒಂದೊಂದಕ್ಕೂ ಒಂದೊಂದು ಸಮಿತಿ. ಎಲ್ಲರಿಗೂ ಬೇಕಾದದ್ದು ಹಲ್ಲಿನ ಸಮಿತಿ. ಊರೂರು ಸುತ್ತುವ ಹಲ್ಲಿನ ವ್ಯಾನಿಗೆ ಹೊಸ ಟೈರು ಹಾಕಿಸಬೇಕೆಂದು ಬೆಳಿಗ್ಗೆ ಎತ್ತಿದ ಕೈ ಮಧ್ಯಾಹ್ನ ಅನ್ನ ಕಲಸುವ ಹೊತ್ತಿಗೆ ಕೆಳಗಿರುತ್ತದೆ. ಹಾಗಾಗಿ ನಮ್ಮ ಪ್ರಾಂತದಲ್ಲಿ ಮುದುಕರ ಹಲ್ಲೂ ಗಟ್ಟಿ. ಆಸ್ಪತ್ರೆ ಎಂದರೆ ಮಾತ್ರ ಸದಸ್ಯರೆಲ್ಲ ಕೈಯನ್ನು ಜೇಬಿಗೆ ಹಾಕಿಕೊಂಡು ಕಿಟಕಿಯಾಚೆ ನೋಡುತ್ತಾರೆ.

ಇನ್ನೊಂದು ಕಷ್ಟವಿದೆ. ಎಷ್ಟಾದರೆ ಕೆಲಸ ಆದಂತೆ ಎನ್ನುವುದು ಕೈಗಳಿಗೆ ಬಿಟ್ಟದ್ದು, ನಾವು ಹೇಳಿದರೆ ಅವು ಕೇಳುವುದಿಲ್ಲ. ನಮ್ಮ ಪ್ರೌಢಶಾಲೆಗೆ ನಾಲ್ಕು ಗೋಡೆ ಎದ್ದ ದಿನವೇ ಎಲ್ಲರ ಕೈಗಳೂ ಇಳಿದುಬಿಟ್ಟವು. ಛಾವಣಿಗೆ ಕಾಯಲಿಲ್ಲ. ಕೈ ಇಳಿದ ಮೇಲೆ ಯಾವ ಅಧಿಕಾರಿಯೂ ಒಂದು ಮೊಳೆ ಹೊಡೆಸುವುದಿಲ್ಲ. ಇವತ್ತಿಗೂ ಮಕ್ಕಳು ತಗಡಿನ ಕೆಳಗೆ ಕೂತು ಲೆಕ್ಕ ಕಲಿಯುತ್ತಾರೆ. ಮಳೆಗಾಲದಲ್ಲಿ ಮೇಷ್ಟರ ಮಾತು ಹಿಂದಿನ ಬೆಂಚಿಗೆ ಕೇಳುವುದಿಲ್ಲ.

ನಾನು ಈ ನಡುಗಡ್ಡೆಯ ಹೆರಿಗೆ ನರ್ಸು, ಹೆಸರು ಅಂಬುಜಾಕ್ಷಿ. ಸಂಬಳ ಪರಿಷತ್ತಿನದು. ಹಿಂದೆ ಇಲ್ಲೊಂದು ಹೆರಿಗೆ ಕೋಣೆ ಇತ್ತು. ಅದರ ಮಾಡು ಕುಸಿಯಿತು, ಡಾಕ್ಟರು ದಡದ ಪಟ್ಟಣಕ್ಕೆ ಹೋದರು. ಆಮೇಲೆ ಗರ್ಭಿಣಿಯರನ್ನು ಲಾಂಚಿನಲ್ಲಿ ದಡಕ್ಕೆ ದಾಟಿಸುವುದೇ ನನ್ನ ಕೆಲಸವಾಯಿತು. ಚಳಿಗಾಲದಲ್ಲಿ ನಮ್ಮ ಕಡಲ ಮೇಲೆ ಮಂಜು ಕೂತರೆ ಎದುರಿಗೆ ಹಿಡಿದ ಲಾಟೀನು ಕಾಣಿಸುವುದಿಲ್ಲ. ಹೋದ ಚಳಿಗಾಲ ಅಂಥದ್ದೇ ಮಂಜಿನಲ್ಲಿ ಲಾಂಚು ನಡುನೀರಿನಲ್ಲಿ ನಿಂತಿತು, ನಾನು ದಾಟಿಸುತ್ತಿದ್ದ ಗಿರಿಜೆಯ ಮಗು ಅಲ್ಲಿ ಹುಟ್ಟಿತು, ಅಲ್ಲೇ ಹೋಯಿತು. ನನ್ನ ಎರಡು ಕೈಯೂ ಇದ್ದವು, ಆದರೂ ಹೋಯಿತು. ಬಿಸಿನೀರಿರಲಿಲ್ಲ, ಬೆಳಕಿರಲಿಲ್ಲ, ಡಾಕ್ಟರಿರಲಿಲ್ಲ. ಗಿರಿಜೆ ಅಳಲಿಲ್ಲ. "ಅಕ್ಕಾ, ದಡ ಬಂತಾ?" ಎಂದಷ್ಟೇ ಕೇಳಿದಳು. ಆ ಮಾತು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ.

ಈ ಸಾವಿನ ನಂತರ ನಡುಗಡ್ಡೆಯವರೆಲ್ಲ ಸೇರಿ ಪರಿಷತ್ತಿಗೆ ಅರ್ಜಿ ಕೊಟ್ಟೆವು. ಇಲ್ಲೇ ಹೆರಿಗೆಗೆ ಒಂದು ಜಾಗ ಆಗಬೇಕು, ಡಾಕ್ಟರು ಇರಬೇಕು ಎಂದು. ವರ್ಷದ ದೊಡ್ಡ ಸಭೆಗೆ ಅದು ಬಂತು. ನಮ್ಮ ಸದಸ್ಯ ಮಾದಪ್ಪನಿಗೆ ಸರಿಯಾಗಿ ಸಭೆಯ ಹಿಂದಿನ ದಿನ ಜ್ವರ ಬಂತು. ಅವನಿಗೆ ಇಂಥ ಜ್ವರ ಬರುವುದು ಊರಿಗೆಲ್ಲ ಗೊತ್ತಿದ್ದದ್ದೇ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿದ ಮನುಷ್ಯ ಅವನು. ಸದಸ್ಯರು ಬರದಿದ್ದರೆ ಬದಲಿ ಸದಸ್ಯರು ಕೂರಬೇಕು. ನಮ್ಮ ನಡುಗಡ್ಡೆಯ ಬದಲಿ ಸದಸ್ಯೆ ನಾನು. ಚುನಾವಣೆಯಲ್ಲಿ ಹೆಸರು ತುಂಬಲೆಂದು ಬರೆಸಿದ್ದು, ಒಂದು ದಿನ ಕೂರಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಅದೇ ಹೊತ್ತಿಗೆ ನನ್ನ ಮಗಳು ಕುಮುದಳಿಗೆ ದಿನ ಹತ್ತಿರವಾಗಿತ್ತು. ಮಗು ಹೊಟ್ಟೆಯಲ್ಲಿ ಕಾಲು ಕೆಳಗೆ ಮಾಡಿ ಕೂತಿತ್ತು. ನಾನು ಮುಟ್ಟಿ ನೋಡಿದ್ದೆ, ತಲೆ ಅವಳ ಪಕ್ಕೆಲುಬಿನ ಕೆಳಗೆ ಕೈಗೆ ಗುಂಡಗೆ ಸಿಗುತ್ತಿತ್ತು. ಕಾಲು ಮೊದಲು ಬರುವ ಮಗುವನ್ನು ಹಿಡಿಯಲು ಎರಡು ಕೈ ಬೇಕು. ಒಂದು ಕೈ ಮೈಯನ್ನು ಹೊರಬೇಕು, ಇನ್ನೊಂದು ಕತ್ತನ್ನು ಕಾಯಬೇಕು. ಪಟ್ಟಣದ ಆಸ್ಪತ್ರೆಯ ಪಕ್ಕದ ತಂಗುಮನೆಯಲ್ಲಿ ಬಸುರಿಯರಿಗೆ ಕಡೆಯ ಎರಡು ವಾರ ಮಾತ್ರ ಮಂಚ ಕೊಡುತ್ತಾರೆ. ಅವಳ ಮಂಚ ಮುಂದಿನ ವಾರಕ್ಕೆ ಗೊತ್ತಾಗಿತ್ತು.

ಸಭೆಗೆ ಹೊರಟಾಗ ಕುಮುದ ಬಾಗಿಲಿಗೆ ಬಂದಳು. "ಅಮ್ಮಾ, ಕೈ ಎತ್ತಬೇಡ."

"ಯಾಕೇ?"

"ಯಾಕೇ ಅಂತೀಯಲ್ಲ! ನಂಗೆ ಮೊದಲೇ ನೋವು ಬಂದ್ರೆ? ನಿನ್ನ ಕೈಲಿ ಏನಾಗತ್ತೆ ಆಮೇಲೆ?"

"ಮುಂದಿನ ವಾರ ನೀನು ಪಟ್ಟಣದಲ್ಲಿ ಇರ್ತೀಯಲ್ಲೇ. ಅಲ್ಲಿ ಡಾಕ್ಟರು ಇರ್ತಾರೆ."

"ಗಿರಿಜಕ್ಕನಿಗೂ ಹಿಂಗೇ ಹೇಳಿದ್ದೆ ನೀನು" ಎಂದಳು. ಅಂದ ಕೂಡಲೇ ನಾಲಗೆ ಕಚ್ಚಿಕೊಂಡಳು. ನನಗೆ ಕೋಪ ಬರಲಿಲ್ಲ, ಭಯವಾಯಿತು. ಲಾಂಚಿನಲ್ಲಿ ಕೂತವಳು ದಾರಿಯುದ್ದಕ್ಕೂ ನನ್ನ ಎರಡು ಕೈಗಳನ್ನೇ ನೋಡಿಕೊಂಡೆ. ಯಾವುದನ್ನು ಕೊಡಲಿ? ಬಲಗೈ ಕೊಟ್ಟರೆ ಕತ್ತರಿ ಹಿಡಿಯುವುದು ಹೇಗೆ, ಎಡಗೈ ಕೊಟ್ಟರೆ ಮಗುವಿನ ಮೈ ಹೊರುವುದು ಹೇಗೆ? ನಡುಗಡ್ಡೆಗೆ ಹೆರಿಗೆಯ ಜಾಗ ಬೇಕೆಂದರೆ ಅಲ್ಲಿರುವ ಒಬ್ಬಳೇ ಹೆರಿಗೆಯವಳ ಕೈ ಹೋಗಬೇಕು. ಇಂಥ ಹುಚ್ಚು ಏರ್ಪಾಡು ಬೇರೆಲ್ಲೂ ಇರಲಿಕ್ಕಿಲ್ಲ ಎಂದು ಬೈದುಕೊಂಡೆ.

ಪರಿಷತ್ತಿನ ಸಭಾಂಗಣದ ಬಾಗಿಲು ಎರಡಾಳು ಎತ್ತರ. ಕೈ ಮೇಲಿದ್ದವರು ಬಗ್ಗದೆ ಬರಲಿ ಎಂದು ಹಾಗೆ ಕಟ್ಟಿದ್ದಾರೆ. ಹದಿನೈದು ಕುರ್ಚಿ. ನಡುವೆ ಅಧ್ಯಕ್ಷೆ ಭುವನೇಶ್ವರಿ, ಅವರ ಪಕ್ಕದಲ್ಲಿ ಮುಖ್ಯ ಅಧಿಕಾರಿ ನಂಜರಾಜು. ಸದಸ್ಯರನ್ನು ಜನ ಆರಿಸುತ್ತಾರೆ, ಬದಲಾಯಿಸುತ್ತಾರೆ. ನಂಜರಾಜು ಹಾಗೇ ಇರುತ್ತಾರೆ. ಕೆಲಸ ಮಾಡಿಸುವವರು ಅವರು, ಹಾಗಾಗಿ ಎಲ್ಲರ ಕೈಯೂ ಒಂದು ಲೆಕ್ಕಕ್ಕೆ ಅವರ ಹಿಡಿತದಲ್ಲೇ. ಅವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. "ಮಾಡಬಹುದು, ಮಾಡಕ್ಕಾಗಲ್ಲ ಅಂತಲ್ಲ. ಡಾಕ್ಟರು ಸಿಗಬೇಕು, ಚಳಿಗಾಲ ಕಳೀಬೇಕು, ಮೇಲಿನ ಸರ್ಕಾರದವರು ಒಪ್ಪಬೇಕು. ಒಂದೆರಡು ವರ್ಷ ಅನ್ನಿ" ಎಂದರು. ಒಂದೆರಡು ವರ್ಷ ಎಂದ ಕೂಡಲೇ ಎದುರು ಸಾಲಿನ ಕೈಗಳೆಲ್ಲ ಜೇಬು ಸೇರಿದವು.

ಅಧ್ಯಕ್ಷೆ ಠರಾವು ಓದಿದರು. ಗೆಲ್ಲಲು ಎಂಟು ಕೈ ಬೇಕಿತ್ತು. ಮೊದಲು ಅಧ್ಯಕ್ಷೆಯೇ ಎತ್ತಿದರು. ಆಮೇಲೆ ಆರೋಗ್ಯ ಸಮಿತಿಯವರು, ಲಾಂಚಿನ ಸಮಿತಿಯವರು, ತಡವರಿಸುತ್ತ ಇನ್ನಿಬ್ಬರು. ಏಳು ಆಯಿತು. ಅಲ್ಲಿಗೆ ನಿಂತಿತು. ತಿಪ್ಪಯ್ಯನವರು ಸುಮ್ಮನೆ ಕೂತಿದ್ದರು. ಒಂದು ಕೈ ಮೇಲಿರುವವರನ್ನು ಇನ್ನೊಂದು ಕೇಳಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮರ್ಯಾದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ಕುಮುದಳ ಮುಖ ಕಣ್ಣೆದುರು ಬಂತು, ಅದರ ಹಿಂದೆಯೇ ಗಿರಿಜೆಯ ಮುಖ. ಗಿರಿಜೆ ಈಗ ಮತ್ತೆ ಬಸುರಿ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಗಂಡನಿಗೂ ಹೇಳಿರಲಿಲ್ಲ ಅವಳು, ಅಷ್ಟು ಹೆದರಿದ್ದಳು.

ಎಡಗೈ ಎತ್ತಿದೆ.

ನೋವೇನೂ ಆಗಲಿಲ್ಲ. ಯಾರೋ ಮಣಿಕಟ್ಟು ಹಿಡಿದುಕೊಂಡು ನಿಂತ ಹಾಗಿತ್ತು, ಅಷ್ಟೆ. ಅಧ್ಯಕ್ಷೆ ಮೇಜು ಕುಟ್ಟಿದರು. ಕೆಳಗೆ ಎಳೆದು ನೋಡಿದೆ, ಬರಲಿಲ್ಲ. ಹೊರಗೆ ಬಂದಾಗ ತಿಪ್ಪಯ್ಯನವರು, "ಮೊದಲ ವಾರ ಮಲಗೋದು ಕಷ್ಟ ತಾಯಿ, ಗೋಡೆ ಕಡೆ ತಿರುಗಿ ಮಲಗು" ಎಂದರು. ಅವರ ಕೈ, ನನ್ನ ಕೈ ಎರಡೂ ಮೇಲಿದ್ದವು. ರಸ್ತೆಯಾಚೆಯ ಹೆಂಗಸೊಬ್ಬಳು ಬಸ್ಸು ನಿಲ್ಲಿಸುತ್ತಿದ್ದೇವೆಂದುಕೊಂಡು ತಾನೂ ಓಡಿಬಂದಳು.

ಮನೆಗೆ ಬಂದರೆ ಕುಮುದ ನನ್ನ ಕೈ ನೋಡಿ ಸೂಜಿ ದಾರ ತಂದಳು. ರವಿಕೆಯ ಎಡತೋಳು ಬಿಚ್ಚಿ, ಲಾಡಿ ಹಚ್ಚಿಕೊಟ್ಟಳು. ಅವಳು ಬೈದಿದ್ದರೇ ಚೆನ್ನಾಗಿತ್ತು.

ಚಳಿಗಾಲ ಮುಗಿಯುತ್ತ ಬಂದಿತ್ತು, ತಂಗುಮನೆಗೆ ಹೋಗುವ ದಿನ ಬೆಳಿಗ್ಗೆ ಬಿಸಿಲಿತ್ತು. ಗಂಟು ಕಟ್ಟಿಕೊಂಡು ಲಾಂಚಿನ ಕಟ್ಟೆಗೆ ನಡೆದೆವು. ಅಳಿಯ ಲಾಂಚಿನ ಎಂಜಿನ್ ನೋಡಿಕೊಳ್ಳುವವನು, ಬೆಳಗಿನ ಸರದಿಯಲ್ಲಿ ಆಗಲೇ ದಡಕ್ಕೆ ಹೋಗಿದ್ದ. ನಾವು ಕಟ್ಟೆ ತಲುಪುವಷ್ಟರಲ್ಲಿ ಮಂಜು ಇಳಿಯಿತು. ಮೊದಲು ದಡ ಕಾಣೆಯಾಯಿತು, ಆಮೇಲೆ ನೀರು, ಆಮೇಲೆ ಕಟ್ಟೆಯ ತುದಿ. ಆಚೆಯಿಂದ ಲಾಂಚಿನ ಸೈರನ್ನು ಒಮ್ಮೆ ಉದ್ದಕ್ಕೆ ಕೂಗಿತು. ಬರುವುದಿಲ್ಲ ಎಂದು ಅದರ ಅರ್ಥ. ಕುಮುದ ನನ್ನ ಸೆರಗು ಹಿಡಿದುಕೊಂಡಳು. "ಅಮ್ಮಾ, ನೀರು ಹೋಯ್ತು" ಎಂದಳು. ಅವಳ ಸೀರೆ ಕಾಲಿನವರೆಗೆ ಒದ್ದೆಯಾಗಿತ್ತು, ಹೆರಿಗೆ ಶುರುವಾಗಿತ್ತು.

ಕಟ್ಟೆಯ ಮೇಲೆ ಲಾಂಚು ಕಾಯುವವರಿಗೆಂದು ಒಂದು ಕೊಠಡಿ ಇದೆ. ಬೆಂಚುಗಳಿವೆ, ಒಂದು ಕಬ್ಬಿಣದ ಒಲೆ ಇದೆ. ಮೀನು ಮಾರುವ ಕಾಳಿಂಗಮ್ಮ ಬುಟ್ಟಿ ಇಟ್ಟುಕೊಂಡು ಅಲ್ಲಿ ಕೂತಿದ್ದಳು, ಇನ್ನೂ ನಾಲ್ಕಾರು ಜನ ಇದ್ದರು. ನಾನು ಒಳಗೆ ಕಾಲಿಟ್ಟವಳೇ ಕೂಗಾಡಿದೆ. ಗಂಡಸರನ್ನು ಹೊರಗೆ ಅಟ್ಟಿದೆ. ಹೆಂಗಸರು ಸೀರೆ ಬಿಚ್ಚಿ ಅಡ್ಡ ಕಟ್ಟಿದರು, ಎರಡು ಬೆಂಚು ಜೋಡಿಸಿದರು, ಒಲೆಗೆ ಸೌದೆ ತುಂಬಿ ಚಹಾದ ಹಂಡೆಯಲ್ಲಿ ನೀರು ಕಾಯಿಸಿದರು. ಯಾರೋ ಲಾಟೀನು ತಂದು ಮೊಳೆಗೆ ತಗುಲಿಸಿದರು. ನನ್ನ ಎಡಗೈ ಆ ಗದ್ದಲದಲ್ಲೆಲ್ಲ ಸುಮ್ಮನೆ ಮೇಲೆ ನಿಂತಿತ್ತು.

"ಕಾಳಿಂಗಮ್ಮ, ಕೈ ತೊಳ್ಕೊಂಡು ಬಾ. ಸೋಪು ಹಾಕಿ ಉಜ್ಜು. ನನ್ನ ಎಡಗೈ ನೀನೇ ಈಗ."

"ಅಯ್ಯೋ ನನ್ನವ್ವ, ನಾನು ಮೀನು ಹಿಡಿಯೋಳು ಕಣಕ್ಕ!"

"ಜಾರೋದನ್ನ ಹಿಡಿದು ಅಭ್ಯಾಸ ಇದೆಯಲ್ಲ, ಬಾ."

ನೋವು ಮಧ್ಯಾಹ್ನದವರೆಗೆ ಎಳೆಯಿತು. ಕುಮುದ ನನ್ನನ್ನು ಅಮ್ಮಾ ಎಂದು ಕರೆಯುವುದನ್ನು ಬಿಟ್ಟು, ಉಳಿದವರ ಹಾಗೆ ಅಕ್ಕಾ ಅಕ್ಕಾ ಎನ್ನತೊಡಗಿದಳು. ಅದು ಅವಳಿಗೆ ಗೊತ್ತೇ ಇರಲಿಲ್ಲ. ಮಗುವಿನ ಕಾಲು ಬಂದವು, ಸೊಂಟ ಬಂತು. ಕಾಳಿಂಗಮ್ಮ ಬಟ್ಟೆಯಲ್ಲಿ ಮೈಯನ್ನು ಹಿಡಿದುಕೊಂಡಳು. ಭುಜ ಬಂತು. ತಲೆ ನಿಂತಿತು. ಇಲ್ಲಿಂದ ಮುಂದೆ ಹೇಳಿ ಮಾಡಿಸುವ ಕೆಲಸವಲ್ಲ ಅದು. ಒಂದು ಮುಂಗೈ ಮೇಲೆ ಮೈ ಮಲಗಿಸಿ ಆ ಬೆರಳಲ್ಲೇ ಕೆನ್ನೆ ಒತ್ತಿ ತಲೆಯನ್ನು ಬಗ್ಗಿಸಬೇಕು, ಇನ್ನೊಂದು ಕೈ ಭುಜದ ಮೇಲೆ ಹರಡಬೇಕು. ಎರಡೂ ಕೈ ಒಂದೇ ಮನಸ್ಸಿನಿಂದ ನಡೆಯಬೇಕು. "ಕೆಳಗೆ ಬಗ್ಗಿಸು, ಎಳೀಬೇಡ" ಎಂದೆ. ಕಾಳಿಂಗಮ್ಮ ಹೆದರಿ ಎಳೆದಳು. "ಎಳೀಬೇಡ!" ಎಂದು ಚೀರಿದೆ. ಮಗುವಿನ ಕಾಲು ನೀಲಿಗೆ ತಿರುಗುತ್ತಿದ್ದವು. ಆಗ ನಾನು ದೇವರನ್ನು ನೆನೆಯಲಿಲ್ಲ. ನನ್ನ ಕೈಯನ್ನೇ ಬೇಡಿಕೊಂಡೆ. ಇಳಿಯೇ, ನನ್ನ ಮಗಳಿಗಾಗಿ ಒಂದು ಸಲ ಇಳಿಯೇ ಎಂದೆ.

ಇಳಿಯಿತು.

ಮಣಿಕಟ್ಟು ಹಿಡಿದವರು ಬಿಟ್ಟ ಹಾಗೆ ಸಟ್ಟನೆ ಕೆಳಗೆ ಬಂತು. ಜೋಮು ಹಿಡಿದಿದೆಯೋ ಇಲ್ಲವೋ ನೋಡಲು ಹೊತ್ತಿರಲಿಲ್ಲ. ಮಗುವಿನ ಮೈಯನ್ನು ಅದರ ಮೇಲೆ ತೆಗೆದುಕೊಂಡೆ. ತಲೆ ಬಂತು. ಬಾಯಿ ಒರೆಸಿ, ಬೆನ್ನು ಉಜ್ಜಿ, ಇನ್ನೊಮ್ಮೆ ಉಜ್ಜಿದ ಮೇಲೆ ಮಗು ಅತ್ತಿತು. ಹೆಣ್ಣು. ಕಾಳಿಂಗಮ್ಮ ನೆಲದ ಮೇಲೆ ಕುಕ್ಕರಿಸಿ ತಾನೂ ಅತ್ತಳು. ಕುಮುದ ನನ್ನನ್ನು ನೋಡಿ, "ಅಮ್ಮಾ" ಎಂದಳು. ಆ ಗಳಿಗೆಯ ಸಂತೋಷಕ್ಕೆ ಸಮನಾದದ್ದು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಆ ಸಂತೋಷ ಒಲೆಯ ನೀರು ಆರುವವರೆಗೂ ಉಳಿಯಲಿಲ್ಲ. ಕೈ ಇಳಿಯಿತು ಎಂದರೆ ಏನರ್ಥ ಎಂದು ಹೊಳೆದ ಕೂಡಲೇ ಸುತ್ತ ತಿರುಗಿ ನೋಡಿದೆ. ಕಟ್ಟೆಯ ಕೊಠಡಿಯಲ್ಲಿ ಅಡ್ಡ ಕಟ್ಟಿದ ಸೀರೆ, ಜೋಡಿಸಿದ ಬೆಂಚು, ಚಹಾದ ಹಂಡೆ. ಇಷ್ಟನ್ನೇ ಸಾಕು ಎಂದುಕೊಂಡಿತ್ತು ಅದು. ಹೆರಿಗೆಗೆ ಜಾಗ ಆಯಿತು ಎಂದು ಇಳಿದುಬಿಟ್ಟಿತ್ತು. ನನ್ನದೊಂದೇ ಅಲ್ಲ, ಎಂಟು ಕೈಯೂ ಇಳಿದಿರಬೇಕು.

ಸಂಜೆ ನಂಜರಾಜು ಫೋನು ಮಾಡಿದರು. "ಅಭಿನಂದನೆ ಅಂಬುಜಮ್ಮ! ಇಷ್ಟು ಬೇಗ ಆಗತ್ತೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ. ಅಧ್ಯಕ್ಷರು ಊಟ ಮಾಡ್ತಿದ್ರಂತೆ, ಕೈ ಸೀದಾ ಪಾಯಸಕ್ಕೇ ಬಿತ್ತಂತೆ."

"ಸಾರ್, ಇಲ್ಲಿ ಏನೂ ಆಗಿಲ್ಲ. ಡಾಕ್ಟರಿಲ್ಲ. ಇದು ಲಾಂಚು ಕಾಯೋ ಕೊಠಡಿ."

"ಕೈ ಇಳೀತಲ್ಲಮ್ಮ."

"ಇಳೀತು. ಆದ್ರೆ..."

"ಇಳೀತು ಅಂದ್ಮೇಲೆ ಆಯ್ತು. ಬೋರ್ಡು ಕಳಿಸ್ಕೊಡ್ತೀನಿ" ಎಂದರು. ಮಾತಿಗೆ ತಪ್ಪಲಿಲ್ಲ. ಮುಂದಿನ ಲಾಂಚಿನಲ್ಲೇ ಬೋರ್ಡು ಬಂತು: ಹೆರಿಗೆ ಕೇಂದ್ರ. ಅದರ ಕೆಳಗೆ ಜನ ಎಂದಿನಂತೆ ಲಾಂಚು ಕಾಯುತ್ತ ಕೂತರು, ಕಾಳಿಂಗಮ್ಮ ಎಂದಿನಂತೆ ಬುಟ್ಟಿ ಇಟ್ಟುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ.

ಗಿರಿಜೆ ನನ್ನ ಮೊಮ್ಮಗಳನ್ನು ನೋಡಲು ಬಂದಳು. ಮಗುವಿನ ಪಾದ ಮುಟ್ಟಿ ನೋಡಿದಳು. ಅವಳ ಹೊಟ್ಟೆ ಆಗಿನ್ನೂ ಸೆರಗಿನ ಹೊರಗೆ ಕಾಣುತ್ತಿರಲಿಲ್ಲ. "ನಂದು ಮುಂದಿನ ಮಂಜಿನ ಹೊತ್ತಿಗೇ ಅಲ್ವಾ ಅಕ್ಕಾ?" ಎಂದು ಕೇಳಿದಳು. ನಾನು ಹೌದೆಂದೆ. ಅವಳು ಕೇಳದಿದ್ದರೂ ನನಗೆ ಕೇಳಿಸಿತು: ನಿನ್ನ ಮಗಳಿಗೆ ಇಳಿದ ಕೈ ನನಗೂ ಇಳಿಯುತ್ತದೆಯೇ ಎಂದು. ನನ್ನ ಕೈ ನನ್ನ ಮನೆಯ ಮಗುವನ್ನು ಉಳಿಸಿ, ಅವಳ ಮಗುವಿನ ಪಾಲಿನ ಡಾಕ್ಟರನ್ನು ಕಳೆದಿತ್ತು. ತಪ್ಪು ನನ್ನದಲ್ಲ ಎಂದು ಎಲ್ಲರೂ ಹೇಳಿದರು. ಹೇಳಿದಷ್ಟೂ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಅರ್ಜಿ ಕೊಟ್ಟೆವು. ಒಮ್ಮೆ ಆದ ಕೆಲಸಕ್ಕೆ ಇನ್ನೊಮ್ಮೆ ಕೈ ಎತ್ತುವುದು ನಮ್ಮಲ್ಲಿ ಕೇಳರಿಯದ್ದು. ನಂಜರಾಜು ತಳ್ಳಿಹಾಕಲು ನೋಡಿದರು. ಆದರೆ ಪ್ರಾಂತದ ಯಾರ ಅರ್ಜಿಯನ್ನೂ ಸಭೆಗೆ ತರದೆ ಇರುವಂತಿಲ್ಲ, ಅದೊಂದು ಒಳ್ಳೆಯ ಕಾನೂನು. ಮಾದಪ್ಪನ ಮನೆಗೆ ಹೋಗಿ ಕೇಳಿದೆ. ಅವನು ಜಗುಲಿಯ ಮೇಲೆ ಕೂತು ಕಬ್ಬು ತಿನ್ನುತ್ತಿದ್ದ. ನನ್ನ ಮಾತು ಮುಗಿಯುವ ಮೊದಲೇ ಹಣೆ ಮುಟ್ಟಿಕೊಂಡು, "ಯಾಕೋ ಜ್ವರ ಬರೋ ಹಂಗಿದೆ ಕಣಮ್ಮ, ನೀನೇ ಹೋಗ್ಬಾ" ಎಂದ. ಅವನು ತನ್ನ ಜನ್ಮದಲ್ಲಿ ಮಾಡಿದ ಒಂದೇ ಉಪಕಾರ ಅದು.

ಹೋಗುವ ಮೊದಲು ಕಾಳಿಂಗಮ್ಮನನ್ನು ಕೂರಿಸಿಕೊಂಡು ದಿನವೂ ಕಲಿಸಿದೆ. ಬಟ್ಟೆಯ ಗೊಂಬೆ ಮಾಡಿ, ಹಿಡಿ, ಬಗ್ಗಿಸು, ಎಳೀಬೇಡ ಎಂದೆ. ಕಟ್ಟೆಯ ಕೊಠಡಿಯಲ್ಲಿ ಯಾರೂ ಸೀರೆ ಅಡ್ಡ ಕಟ್ಟಬಾರದು, ಬೆಂಚು ಜೋಡಿಸಬಾರದು ಎಂದು ಊರಿಗೆಲ್ಲ ಹೇಳಿದೆ. ಕೈಗಳಿಗೆ ಇನ್ನೊಮ್ಮೆ ನೆಪ ಸಿಗಬಾರದಲ್ಲ. ಕೈ ಬೇಗ ಇಳಿಯಲಿ ಎಂದು ಹರಕೆ ಹೊರುವವರ ಊರಿನಲ್ಲಿ, ಬೇಗ ಇಳಿಯದಿರಲಿ ಎಂದು ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.

ಸಭೆಯಲ್ಲಿ ಠರಾವು ಓದಿದ ಕೂಡಲೇ ನಾನೇ ಮೊದಲು ಎತ್ತಿದೆ, ಅದೇ ಎಡಗೈ. ಅಧ್ಯಕ್ಷೆ ನನ್ನನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟು ಎತ್ತಿದರು. ಆರೋಗ್ಯ ಸಮಿತಿಯವರು ಎತ್ತಿದರು. ಹೋದ ಸಲ ಎತ್ತಿದ್ದ ಒಬ್ಬರಿಗೆ ಮಗಳ ಮದುವೆ ಗೊತ್ತಾಗಿತ್ತು. "ಕ್ಷಮಿಸಮ್ಮ, ಧಾರೆ ಎರೀಬೇಕು" ಎಂದು ಕೈ ಕಟ್ಟಿಕೊಂಡರು. ಏಳು ಆಯಿತು. ಅಲ್ಲಿಗೆ ನಿಂತಿತು. ನಾನು ಎದುರು ಸಾಲಿನ ಒಬ್ಬೊಬ್ಬರ ಮುಖವನ್ನೂ ನೋಡಿದೆ. ಒಬ್ಬೊಬ್ಬರೂ ಕಿಟಕಿ ನೋಡಿದರು. ಇನ್ನೇನು ಅಧ್ಯಕ್ಷೆ ಮೇಜು ಕುಟ್ಟಬೇಕು, ಏಳು ಕೈಯೂ ಬೀಳಬೇಕು, ನಾನು ಗಿರಿಜೆಯ ಮನೆಗೆ ಹೋಗಿ ಹೇಳಬೇಕು.

"ಒಂದು ನಿಮಿಷ ಅಧ್ಯಕ್ಷರೇ" ಎಂದರು ತಿಪ್ಪಯ್ಯನವರು. "ಕಾಫಿ ಮುಗಿಸಿಬಿಡ್ತೀನಿ."

ಅವರ ಬಲಗೈಯಲ್ಲಿ ಲೋಟವಿತ್ತು. ಅಧ್ಯಕ್ಷೆಗೆ ಅರ್ಥವಾಗಿ, "ಬೇಡಿ ತಿಪ್ಪಯ್ಯನೋರೇ, ನಿಮ್ಮನ್ನ ಯಾರೂ ಕೇಳಿಲ್ಲ" ಎಂದರು.

"ಕೇಳಲ್ಲ, ಗೊತ್ತು. ಮೂವತ್ತು ವರ್ಷದಿಂದ ಯಾರೂ ಕೇಳಿಲ್ಲ. ನಾನು ಕೈ ಎತ್ತಿದ್ದ ಸೇತುವೆ ಆಗಿದ್ರೆ ಆ ಕೂಸು ನಡುನೀರಲ್ಲಿ ಹೋಗ್ತಿರ್ಲಿಲ್ಲ."

ಅವರು ಆತುರಪಡಲಿಲ್ಲ. ಕಾಫಿಯನ್ನು ಕೊನೆಯ ಗುಟುಕಿನವರೆಗೆ ಕುಡಿದು ಲೋಟ ಕೆಳಗಿಟ್ಟರು. ಬಾಯಿ ಒರೆಸಿಕೊಂಡರು, ಕನ್ನಡಕ ಸರಿಮಾಡಿಕೊಂಡರು. ಆ ಕೈಯನ್ನು ಒಮ್ಮೆ ತಿರುಗಿಸಿ ಹಿಂದೆ ಮುಂದೆ ನೋಡಿದರು. ಆಮೇಲೆ ಎತ್ತಿದರು.

ಅಧ್ಯಕ್ಷೆ ಮೇಜು ಕುಟ್ಟಿದರು. ನಾನು ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ನನ್ನ ಕೈಯನ್ನು ಕೆಳಕ್ಕೆ ಎಳೆದೆ. ಬರಲಿಲ್ಲ. ಇನ್ನೊಮ್ಮೆ ಎಳೆದೆ. ಬರಲಿಲ್ಲ. ಸಮಾಧಾನಕ್ಕೆ ನನಗೆ ಅಳು ಬಂತು.

"ಅಂಬುಜಮ್ಮ" ಎಂದು ಪಕ್ಕದಿಂದ ತಿಪ್ಪಯ್ಯನವರು ಮೆಲ್ಲಗೆ ಕರೆದರು. ಎರಡು ಕೈಯನ್ನೂ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. "ಮೂಗು ಕೆರೀತಿದೆ ತಾಯಿ."

ನನ್ನ ಬಲಗೈ ಕೆಳಗಿತ್ತು. ಕೆರೆದೆ.